ನೀಲಗಿರಿಯ ಘಟ್ಟದ ದಾರಿ

ಒಂದು ಬೆಟ್ಟಕ್ಕೆ ರಸ್ತೆಯಾದ ದಿನದಿಂದಲೇ ಅದರ ಚರಿತ್ರೆ ಮೊದಲಾಯಿತೆಂದು ಭಾವಿಸುವುದು ಲೋಕದ ವಾಡಿಕೆ. ರಸ್ತೆಯನ್ನು ಮಾಡಿಸಿದವರ ಹೆಸರು ಕಡತಗಳಲ್ಲಿ ಉಳಿದಿರುತ್ತದೆ. ತಗುಲಿದ ವೆಚ್ಚ, ಹಿಡಿದ ಕಾಲ, ಮೈಲಿಗಲ್ಲುಗಳ ಎಣಿಕೆ ಎಲ್ಲವೂ ಬರಹಕ್ಕೆ ಬಂದಿರುತ್ತವೆ. ಕಾಲ್ದಾರಿಗೆ ಈ ಭಾಗ್ಯವಿಲ್ಲ. ಅದನ್ನು ಮಾಡಿಸಿದವರು ಯಾರೂ ಇಲ್ಲ, ನಡೆದವರೇ ಮಾಡಿದವರು. ನಡೆದವರು ಬರೆದಿಡಲಿಲ್ಲ, ಬರೆದವರು ಬಹುಮಟ್ಟಿಗೆ ನಡೆಯಲಿಲ್ಲ. ಆದುದರಿಂದ ಬೆಟ್ಟದ ಚರಿತ್ರೆಯೆಂದು ನಾವು ಓದುವುದರಲ್ಲಿ ಹೆಚ್ಚಿನದು ಗಾಲಿಗಳ ಚರಿತ್ರೆಯೇ ಹೊರತು ಕಾಲುಗಳ ಚರಿತ್ರೆಯಲ್ಲ. ಮೈಸೂರಿನವರಿಗೆ ಚಿರಪರಿಚಿತವಾದ ಒಂದು ದಾರಿಯನ್ನು ಉದಾಹರಣೆಯಾಗಿ ತೆಗೆದುಕೊಂಡು, ಈ ಹೊತ್ತಿನ ಭಾಷಣದಲ್ಲಿ ಆ ಮರೆತುಹೋದ ಅರ್ಧವನ್ನು ಕೊಂಚ ಅರಸಿ ನೋಡೋಣ. ಆ ದಾರಿ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರಗಳ ಮೇಲೆ ಹಾದು ನೀಲಗಿರಿಯನ್ನೇರಿ ಉದಕಮಂಡಲವನ್ನು ಸೇರುವ ದಾರಿ.

ಮೊದಲು ನೆಲದ ರೀತಿಯನ್ನು ಅರಿತುಕೊಳ್ಳುವುದು ಒಳ್ಳೆಯದು. ಪಶ್ಚಿಮಘಟ್ಟಗಳೂ ಪೂರ್ವಘಟ್ಟಗಳೂ ಒಂದನ್ನೊಂದು ಕೂಡುವ ಎಡೆಯಲ್ಲಿ ನೀಲಗಿರಿ ಎದ್ದು ನಿಂತಿದೆ. ಅದು ಒಂಟಿ ಶಿಖರವಲ್ಲ. ಸುತ್ತಲೂ ಕಡಿದಾದ ಗೋಡೆಗಳಿಂದ ಮೇಲೆತ್ತಿ ಹಿಡಿದ ಹಾಸುನಾಡು. ಅದರ ನೆತ್ತಿಯಾದ ದೊಡ್ಡಬೆಟ್ಟದ ಎತ್ತರ ಸುಮಾರು 8,650 ಅಡಿ. ಮೈಸೂರು ಸೀಮೆಗೂ ಈ ಬೆಟ್ಟಕ್ಕೂ ನಡುವೆ ಮೋಯಾರು ಹೊಳೆ ಆಳವಾದ ಕಮರಿಯನ್ನು ಕೊರೆದುಕೊಂಡು ಪೂರ್ವಕ್ಕೆ ಹರಿದು ಭವಾನಿಯನ್ನು ಸೇರುತ್ತದೆ. ಬಂಡೀಪುರದ ಕಾಡನ್ನು ದಾಟಿ ಮುದುಮಲೆಯ ಕಾಡನ್ನು ಹೊಕ್ಕು ತೆಪ್ಪಕಾಡಿಗೆ ಬಂದರೆ ದಾರಿ ಎರಡಾಗಿ ಕವಲೊಡೆಯುತ್ತದೆ. ಬಲಗಡೆಯದು ಗೂಡಲೂರು, ನಡುವಟ್ಟಂ, ಪೈಕಾರಗಳ ಮೇಲೆ ಬಳಸಿಕೊಂಡು ನಿಧಾನವಾಗಿ ಏರುತ್ತದೆ. ಎಡಗಡೆಯದು ಮಸಿನಗುಡಿ, ಸೀಗೂರುಗಳನ್ನು ಹಾದು ಕಲ್ಹಟ್ಟಿಯ ಘಟ್ಟವನ್ನು ಎದೆಗೊಟ್ಟು ಹತ್ತುತ್ತದೆ. ಈ ಎರಡನೆಯ ದಾರಿಯಲ್ಲಿ ಮೂವತ್ತಾರು ಕೊಕ್ಕೆ ತಿರುವುಗಳಿವೆ. ಕೆಲವೇ ಮೈಲಿಗಳ ಅಂತರದಲ್ಲಿ ಅದು ಸುಮಾರು ನಾಲ್ಕು ಸಾವಿರ ಅಡಿ ಮೇಲೇರುತ್ತದೆ. ಕೆಳಗೆ ಸೀಗೂರಿನಲ್ಲಿ ಮಳೆಯ ಮರೆಯ ನಾಡಿನ ಮುಳ್ಳುಕುರುಚಲು; ಮೇಲೆ ಕಣಿವೆ ಕಣಿವೆಗಳಲ್ಲಿ ಹಸುರು ಕಪ್ಪಿಟ್ಟ ಶೋಲೆಯ ಕಾಡುಗಳು, ಅವುಗಳ ನಡುವೆ ಬರಿಯ ಹುಲ್ಲಿನ ಬೋಳುಗುಡ್ಡಗಳು. ಹವೆಯೂ ಮರವೂ ಮಣ್ಣೂ ತಿರುವಿನಿಂದ ತಿರುವಿಗೆ ಬದಲಾಗುತ್ತವೆ. ದಕ್ಷಿಣ ದೇಶದ ರಮ್ಯವಾದ ಬೆಟ್ಟದ ದಾರಿಗಳಲ್ಲಿ ಇದನ್ನೂ ಒಂದಾಗಿ ಎಣಿಸುವುದು ಸಕಾರಣವಾಗಿಯೇ ಇದೆ.

ಈ ಬೆಟ್ಟವನ್ನು ‘ಕಂಡುಹಿಡಿದ’ ಕಥೆ ಅನೇಕ ಪುಸ್ತಕಗಳಲ್ಲಿ ಒಂದೇ ರೀತಿಯಾಗಿ ಬರುತ್ತದೆ. 1812ರಲ್ಲಿ ಕುಂಪಣಿ ಸರ್ಕಾರದ ಸರ್ವೆ ಇಲಾಖೆಯ ವಿಲಿಯಂ ಕೀಸ್ ಎಂಬಾತ ಪೂರ್ವದ ಪಕ್ಕದಿಂದ ಮೇಲೇರಿದನು. 1818ರಲ್ಲಿ ಕೊಯಮತ್ತೂರಿನ ಕಲೆಕ್ಟರರ ಸಹಾಯಕರಾದ ವಿಷ್ ಮತ್ತು ಕಿಂಡರ್ಸ್ಲಿ ಎಂಬಿಬ್ಬರು ಹತ್ತಿ ಹೋಗಿ, ಸುಡುವ ಬಯಲಿನ ಮೇಲೆ ಯುರೋಪಿನ ಹವೆಯ ನಾಡೊಂದು ಇದೆಯೆಂಬ ವರದಿಯನ್ನು ತಂದರು. 1819ರಲ್ಲಿ ಕಲೆಕ್ಟರ್ ಜಾನ್ ಸಲಿವನ್ ತಾನೇ ಮೇಲೇರಿದನು. ಅಲ್ಲಿಂದ ಮುಂದೆ ರಸ್ತೆ, ಬಂಗಲೆ, ತೋಟ, ಕೆರೆ. ಈ ಸಂಗತಿಗಳೆಲ್ಲ ದಿಟವೇ. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳದೆ ಇರಲಾಗದು. ಕೀಸನೂ ವಿಷನೂ ಸಲಿವನನೂ ಹತ್ತಿದುದು ಯಾವ ದಾರಿಯಲ್ಲಿ? ಕೊಡಲಿಯಿಂದ ಕಾಡು ಕಡಿದು ಹೊಸದಾಗಿ ಹತ್ತಿದರೆ? ಇಲ್ಲ. ಊರಿನಿಂದ ಊರಿಗೆ, ಹಟ್ಟಿಯಿಂದ ಹಟ್ಟಿಗೆ ಆಗಲೇ ಇದ್ದ ಕಾಲ್ದಾರಿಗಳಲ್ಲಿ, ಆ ದಾರಿಗಳನ್ನು ಬಲ್ಲ ಬೆಟ್ಟದವರ ಬೆನ್ನಹಿಂದೆ ಅವರು ನಡೆದರು. ದಾರಿ ತೋರಿದವರ ಹೆಸರು ಯಾವ ವರದಿಯ ತಲೆಬರಹದಲ್ಲಿಯೂ ಇಲ್ಲ.

ಕನ್ನಡ ನಾಡಿಗಂತೂ ನೀಲಗಿರಿ ಹೊಸದಾಗಿರಲಿಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕರಲ್ಲಿ ಪುಣಿಸಮಯ್ಯನೆಂಬುವನೊಬ್ಬನಿದ್ದನು. ಇಂದಿನ ಚಾಮರಾಜನಗರಕ್ಕೆ ಆಗ ಅರಿಕುಠಾರವೆಂದು ಹೆಸರು. ಅಲ್ಲಿಯ ಪಾರ್ಶ್ವನಾಥ ಬಸದಿಯಲ್ಲಿರುವ 1117ರ ಶಾಸನ ಪುಣಿಸನ ವಿಜಯಗಳನ್ನು ಹೊಗಳುತ್ತ, ಅವನು ತೋಡರನ್ನು ಬೆದರಿಸಿ, ನೀಲಾದ್ರಿಯನ್ನು ಹೊಕ್ಕು, ಅದರ ಶಿಖರವನ್ನು ವಿಜಯಲಕ್ಷ್ಮಿಗೆ ಒಪ್ಪಿಸಿದನೆಂದು ಸಾರುತ್ತದೆ. ಶಾಸನದ ಹೊಗಳಿಕೆಯಲ್ಲಿ ಅತಿಶಯವಿರಬಹುದು. ಶಿಖರವನ್ನು ದೇವಿಗೆ ಒಪ್ಪಿಸುವುದು ಕವಿಯ ಮಾತೇ ಸರಿ. ಆದರೆ ಎರಡು ಸಂಗತಿಗಳು ಇದರಿಂದ ಸಂದೇಹವಿಲ್ಲದೆ ಸಿದ್ಧವಾಗುತ್ತವೆ. ಬೆಟ್ಟದ ನೀಲಿ ಹೆಸರು ಇಂಗ್ಲಿಷರು ಇಟ್ಟದ್ದಲ್ಲ. ಅವರು ಬರುವುದಕ್ಕೆ ಏಳುನೂರು ವರ್ಷಗಳ ಮೊದಲೇ ಅದು ಕನ್ನಡದ ಕಲ್ಲಿನ ಮೇಲಿತ್ತು. ಎರಡನೆಯದಾಗಿ, ಬೆಟ್ಟದ ಮೇಲೆ ತೋಡರೆಂಬ ಜನರಿರುವುದೂ, ಅವರಲ್ಲಿಗೆ ಹೋಗುವ ದಾರಿಯಿರುವುದೂ ಕೆಳಗಿನ ನಾಡಿಗೆ ಗೊತ್ತಿತ್ತು. ಮುಂದೆ ಬಂದ ಹೊಯ್ಸಳ ದಂಡನಾಯಕರು ನೀಲಗಿರಿಯನ್ನು ಸಾಧಿಸಿದವರೆಂಬ ಬಿರುದನ್ನೇ ಧರಿಸಿದರು. ಮೋಯಾರೂ ಭವಾನಿಯೂ ಕೂಡುವ ಬಳಿ ಅವರ ಹೆಸರಿನ ದಣ್ಣಾಯಕನ ಕೋಟೆ ಶತಮಾನಗಳ ಕಾಲ ಬೆಟ್ಟದ ಪೂರ್ವದ ಬಾಗಿಲಾಗಿ ನಿಂತಿತ್ತು. 1955ರಲ್ಲಿ ಭವಾನಿಸಾಗರದ ಅಣೆಕಟ್ಟು ಮುಗಿದ ಮೇಲೆ ಆ ಕೋಟೆಯ ನೆಲ ನೀರಿನಡಿಯಾಯಿತು. ಬೇಸಗೆ ಬಲವಾಗಿ ಜಲಾಶಯ ಬತ್ತಿದ ವರ್ಷಗಳಲ್ಲಿ ಅಲ್ಲಿಯ ಹಳೆಯ ದೇವಾಲಯ ಮೇಲೆದ್ದು ಕಾಣಿಸಿಕೊಳ್ಳುವುದುಂಟು.

ಶಾಸನಕ್ಕಿಂತಲೂ ಬಲವಾದ ಸಾಕ್ಷ್ಯ ಬೆಟ್ಟದ ಮೇಲಣ ಬಾಯಿಮಾತಿನಲ್ಲಿದೆ. ನೀಲಗಿರಿಯ ಬೇಸಾಯಗಾರರು ಬಡಗರು. ಬಡಗು ಎಂದರೆ ಉತ್ತರ ದಿಕ್ಕೆಂದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉತ್ತರದ ಮೈಸೂರು ಸೀಮೆಯಿಂದ ತಮ್ಮ ಹಿರಿಯರು ಬಂದು ನೆಲಸಿದರೆಂಬುದು ಅವರಲ್ಲಿ ಬೆಳೆದು ಬಂದಿರುವ ಐತಿಹ್ಯ. ವಿಜಯನಗರ ಕುಸಿದ 1565ರ ಅನಂತರದ ಕಲಹಗಳ ಕಾಲದಲ್ಲಿ ಈ ವಲಸೆ ನಡೆದಿರಬೇಕೆಂದು ಅನೇಕ ವಿದ್ವಾಂಸರು ಊಹಿಸುತ್ತಾರೆ. ಅವರ ಭಾಷೆಯನ್ನು ಬಹುಕಾಲ ಕನ್ನಡದ ಒಂದು ಉಪಭಾಷೆಯೆಂದೇ ಎಣಿಸುತ್ತಿದ್ದರು. ಈಗ ಅದನ್ನು ಸ್ವತಂತ್ರ ಭಾಷೆಯೆಂದು ಗಣಿಸುವವರು ಹೆಚ್ಚು. ಆದರೂ ನಂಟು ಮರೆಯಾಗುವಂಥದಲ್ಲ. ಅವರ ಊರುಗಳ ಹೆಸರುಗಳಲ್ಲಿ ಹಟ್ಟಿಯೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ದೊಡ್ಡಬೆಟ್ಟ, ಹುಲಿಕಲ್ಲು, ಕಲ್ಹಟ್ಟಿ, ಮಸಿನಗುಡಿ ಎಂದು ದಾರಿಯುದ್ದಕ್ಕೂ ಹೆಸರುಗಳನ್ನು ಓದಿಕೊಂಡು ಹೋದರೆ, ಭೂಪಟದಲ್ಲಿ ಗಡಿಯನ್ನು ದಾಟಿದ ಮೇಲೂ ಕಿವಿ ಗಡಿಯನ್ನು ದಾಟಿರುವುದಿಲ್ಲ. ಉದಕಮಂಡಲವೆಂಬ ಹೆಸರು ಮಾತ್ರ ನಾವು ತಿದ್ದಿಕೊಂಡ ರೂಪ. ತೋಡರ ವಸತಿಗೆ ಮಂದು ಎಂದು ಹೆಸರು. ಒಂಟಿ ಕಲ್ಲಿನ ಮಂದು ಎಂಬ ಅರ್ಥದ ಅವರ ಮಾತೇ 1821ರ ಮದ್ರಾಸಿನ ಪತ್ರಿಕೆಯೊಂದರಲ್ಲಿ ‘ವೊಟೊಕಿಮಂಡ್’ ಎಂದು ಅಚ್ಚಾಗಿ, ಇಂಗ್ಲಿಷರ ಬಾಯಲ್ಲಿ ಹಿಗ್ಗಿ ಕುಗ್ಗಿ, ಕೊನೆಗೆ ಊಟಿಯಾಯಿತು.

1603ರಲ್ಲಿ, ಸಲಿವನನಿಗಿಂತ ಇನ್ನೂರು ವರ್ಷಗಳಿಗೂ ಹಿಂದೆ, ಫೆನಿಸಿಯೋ ಎಂಬ ಜೆಸುಯಿಟ್ ಪಾದ್ರಿ ಮಲಬಾರಿನ ಕಡೆಯಿಂದ ಈ ಬೆಟ್ಟವನ್ನೇರಿದನು. ಮೇಲೆ ಯಾವುದೋ ಕಾಲದಲ್ಲಿ ದಾರಿ ತಪ್ಪಿ ಉಳಿದುಹೋದ ಕ್ರೈಸ್ತರು ಇದ್ದಾರೆಂಬ ವದಂತಿ ಅವನನ್ನು ಅಲ್ಲಿಗೆ ಎಳೆದಿತ್ತು. ಅವನು ಕ್ರೈಸ್ತರನ್ನು ಕಾಣಲಿಲ್ಲ. ಎಮ್ಮೆಗಳನ್ನು ಮೇಯಿಸುವ ತೋಡರನ್ನೂ ಊರು ಕಟ್ಟಿ ನೆಲಸಿದ್ದ ಬಡಗರನ್ನೂ ಕಂಡನು. ಪಶ್ಚಿಮದಿಂದ ಹತ್ತಿದವನಿಗೂ ದಾರಿಯಿತ್ತು, ಪೂರ್ವದಿಂದ ಹತ್ತಿದವರಿಗೂ ದಾರಿಯಿತ್ತು, ಉತ್ತರದಿಂದ ಒಂದು ಜನಾಂಗವೇ ಮಕ್ಕಳುಮರಿಗಳೊಡನೆ ಹತ್ತಿ ಹೋಗಿತ್ತು. ಅಂದಮೇಲೆ ಇದು ಮುಚ್ಚಿದ ಬೆಟ್ಟವಾಗಿರಲಿಲ್ಲವೆಂಬುದರಲ್ಲಿ ಸಂದೇಹವೇನು?

ಆ ದಾರಿಗಳ ಮೇಲೆ ಏನು ನಡೆಯುತ್ತಿತ್ತೆಂಬುದನ್ನು ನೋಡಿದರೆ ಅವುಗಳ ಬೆಲೆ ತಿಳಿಯುತ್ತದೆ. ತೋಡರಲ್ಲಿ ಹಾಲು ಬೆಣ್ಣೆ ತುಪ್ಪಗಳುಂಟು, ಧಾನ್ಯವಿಲ್ಲ. ಬಡಗರಲ್ಲಿ ಧಾನ್ಯವುಂಟು, ನೇಗಿಲಿನ ಗುಳ ಮಾಡುವ ಕುಲುಮೆಯಿಲ್ಲ. ಕೋತರಲ್ಲಿ ಕುಲುಮೆಯೂ ಕುಂಬಾರಿಕೆಯೂ ವಾದ್ಯಗಳೂ ಉಂಟು. ತೋಡರ ಉತ್ತರಕ್ರಿಯೆಗಳಲ್ಲಿ ಕೋತರ ವಾದ್ಯ ಮೊಳಗಲೇಬೇಕು. ಕೋತಗಿರಿಯೆಂಬ ಊರು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಇಳಿಜಾರಿನ ಕಾಡುಗಳ ಕುರುಂಬರು ಜೇನು ಮೊದಲಾದ ಕಾಡುತ್ಪತ್ತಿಗಳನ್ನು ತರುತ್ತಿದ್ದರು. ಅವರ ಮಂತ್ರವಿದ್ಯೆಗೆ ಬಡಗರು ಹೆದರುತ್ತಲೂ ಇದ್ದರು, ಅದನ್ನೇ ಆಶ್ರಯಿಸುತ್ತಲೂ ಇದ್ದರು. ಇನ್ನೂ ಕೆಳಗೆ ಇರುಳರು. ಹೀಗೆ ಒಬ್ಬರ ಕೊರತೆಯನ್ನು ಮತ್ತೊಬ್ಬರು ತುಂಬುವ ಏರ್ಪಾಡು ತಲೆತಲಾಂತರದಿಂದ ಮನೆತನ ಮನೆತನಗಳ ನಡುವೆ ಕಟ್ಟಿಬಂದಿತ್ತು. ಇದನ್ನು ಬರಿಯ ಅಮಾಯಕರ ಸ್ವರ್ಗವೆಂದು ಬಣ್ಣಿಸುವುದು ಸಲ್ಲದು. ಅದರಲ್ಲಿ ಮೇಲು ಕೀಳುಗಳಿದ್ದುವು, ಭಯವಿತ್ತು, ಕುರುಂಬರ ಮೇಲೆ ಮಾಟದ ಆರೋಪ ಹೊರಿಸಿ ನಡೆಸಿದ ಕ್ರೌರ್ಯವೂ ಇತ್ತು. ಆದರೆ ಆ ಕಾಲ್ದಾರಿಗಳಲ್ಲಿ ಹೋದವನು ಹಿಂದಿರುಗಿ ಬರುವವನಾಗಿದ್ದನು, ಕೊಟ್ಟವನು ಪಡೆಯುವವನಾಗಿದ್ದನು. ದಾರಿಯ ಎರಡು ತುದಿಗಳಲ್ಲಿಯೂ ಪರಸ್ಪರ ಮುಖ ಬಲ್ಲವರಿದ್ದರು. ಇದು ಮುಂದೆ ಬಂದ ರಸ್ತೆಗೂ ಇದಕ್ಕೂ ಇರುವ ದೊಡ್ಡ ಅಂತರ.

ರಾಜರ ದಂಡುಗಳಿಗೆ ಮಾತ್ರ ಈ ಬೆಟ್ಟ ಅಡ್ಡಗೋಡೆ. ಹೈದರನ ಕಾಲದಲ್ಲಿಯೂ ಟಿಪ್ಪುವಿನ ಕಾಲದಲ್ಲಿಯೂ ಮೈಸೂರಿನ ಸೈನ್ಯಗಳು ಕೊಯಮತ್ತೂರಿನ ಸೀಮೆಗೆ ಇಳಿಯಬೇಕಾದಾಗ ನೀಲಗಿರಿಯ ಪೂರ್ವದ ಮಗ್ಗುಲನ್ನು ಬಳಸಿಕೊಂಡು ಗಜ್ಜಲಹಟ್ಟಿಯ ಕಣಿವೆಯಲ್ಲಿ ಹೋಗುತ್ತಿದ್ದುವು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಆ ಕಣಿವೆಯಿಂದಲೇ ಇಳಿದು ಸತ್ಯಮಂಗಲದ ಬಳಿ ಇಂಗ್ಲಿಷರ ಮೇಲೆ ಬಿದ್ದನು. ತೋಪನ್ನೆಳೆಯುವ ಎತ್ತುಗಳಿಗೆ ಬೇಕಾದುದು ಸಮನಾದ ನೆಲ. ಬೆಟ್ಟದ ಮೇಲೆ ಗೆಲ್ಲುವಂಥ ಸಂಪತ್ತೂ ಕಾಣಲಿಲ್ಲ. ಆದರೂ ಕೂನೂರಿನ ಬಳಿಯ ಹುಲಿಕಲ್ ದುರ್ಗ, ಕಲ್ಹಟ್ಟಿಯ ಬಳಿಯ ಮಲೆಕೋಟೆ ಎಂಬ ಹಳೆಯ ಕೋಟೆಗಳಲ್ಲಿ ಅವರ ಕಾವಲುಪಡೆಗಳಿದ್ದುವೆಂದು ಹೇಳಿಕೆಯುಂಟು. ಕಾವಲಿಟ್ಟಿದ್ದರೆಂದರೆ ಕಾಯಬೇಕಾದ ದಾರಿಯಿತ್ತೆಂದೇ ಅರ್ಥವಲ್ಲವೆ? ಮಲೆಕೋಟೆ ನಮ್ಮ ಸೀಗೂರು ಘಟ್ಟದ ಹಾದಿಗೆ ಹತ್ತಿರದಲ್ಲಿಯೇ ಇದೆಯೆಂಬುದನ್ನು ಗಮನಿಸಬೇಕು. ಮೂವತ್ತಾರು ತಿರುವುಗಳ ರಸ್ತೆ ಹುಟ್ಟುವ ಮೊದಲೇ ಆ ಇಳಿಜಾರು ಹತ್ತುವ ಇಳಿಯುವ ಜನಕ್ಕೆ ಪರಿಚಿತವಾಗಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ನೀಲಗಿರಿ ಕುಂಪಣಿಯ ವಶವಾಯಿತು. ಸಲಿವನನ ಉತ್ಸಾಹದಿಂದ ಸಿರುಮುಗೆಯಿಂದ ಕೋತಗಿರಿಯ ಕಡೆಗೆ ಮೊದಲ ಘಟ್ಟದ ದಾರಿ ಕಡಿಯಲ್ಪಟ್ಟು 1823ರಲ್ಲಿ ಮುಗಿಯಿತು. 1830ರ ದಶಕದ ಮೊದಲಲ್ಲಿ ಕೂನೂರು ಘಟ್ಟದ ದಾರಿಯಾಯಿತು. ಅದೇ ದಶಕದಲ್ಲಿ ಮೈಸೂರಿನ ಕಡೆಗೆ ಸೀಗೂರು ಘಟ್ಟವೂ ತೆರೆಯಿತು. 1834ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಉದಕಮಂಡಲದಲ್ಲಿ ತಂಗಿದ್ದಾಗ, ಅವನನ್ನು ಕಾಣಲು ಮೆಕಾಲೆ ಮದ್ರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳ ಮೇಲೆ ಪಲ್ಲಕ್ಕಿಯಲ್ಲಿ ಬಂದು ಘಟ್ಟವನ್ನೇರಿದನು. ಭಾರತದ ನ್ಯಾಯಕ್ಕೂ ವಿದ್ಯೆಗೂ ಹೊಸ ದಾರಿಯನ್ನು ಗೆರೆಯೆಳೆಯಲಿದ್ದ ಆ ಮಹಾಶಯ ಈ ದಾರಿಯನ್ನು ಮಾತ್ರ ಬೋವಿಗಳ ಹೆಗಲ ಮೇಲೆ ಕ್ರಮಿಸಿದನೆಂಬುದು ನೆನಪಿಡತಕ್ಕ ಸಂಗತಿ.

ಕಾಲ್ದಾರಿ ರಸ್ತೆಯಾಗುವುದು ಹೇಗೆಂಬುದನ್ನು ಇಲ್ಲಿ ಒಂದೆರಡು ಮಾತಿನಲ್ಲಿ ಹೇಳಬೇಕು. ಮನುಷ್ಯನ ಕಾಲು ಕಡಿದಾದ ಏಣನ್ನು ನೇರವಾಗಿ ಹತ್ತಬಲ್ಲುದು. ಆದ್ದರಿಂದ ಕಾಲ್ದಾರಿ ಮಳೆನೀರು ನಿಲ್ಲದ ದಿಣ್ಣೆಯ ಬೆನ್ನನ್ನು ಹಿಡಿದು ಹೋಗುತ್ತದೆ. ಕಣಿವೆಗೆ ಇಳಿಯುವುದು ನೀರು ಕುಡಿಯುವುದಕ್ಕೆ ಮಾತ್ರ. ಗಾಡಿಯ ಎತ್ತಿಗೆ ಆ ಶಕ್ತಿಯಿಲ್ಲ. ಅದಕ್ಕಾಗಿ ಏರನ್ನು ನಿಧಾನಗೊಳಿಸಿ, ಬೆಟ್ಟದ ಮಗ್ಗುಲನ್ನು ಕಡಿದು, ಕಡಿದ ಮಣ್ಣನ್ನು ಹೊರಗಡೆಗೆ ತುಂಬಿ, ಕಲ್ಲಿನ ಗೋಡೆಯ ಒತ್ತು ಕೊಟ್ಟು, ಮುಂದೆ ಎಡೆ ಸಾಲದಾದಾಗ ದಾರಿಯನ್ನು ಹಿಂದಕ್ಕೆ ಮಡಿಸಬೇಕು. ಕೊಕ್ಕೆ ತಿರುವೆಂದರೆ ಈ ಮಡಿಕೆಯೇ. ಬೆಟ್ಟದ ನೀರು ಮಾತ್ರ ತನ್ನ ಹಳೆಯ ನೇರ ದಾರಿಯನ್ನು ಬಿಡುವುದಿಲ್ಲ. ಮಡಿಕೆಯ ಒಂದೊಂದು ಸುತ್ತಿನಲ್ಲಿಯೂ ಅದು ರಸ್ತೆಯನ್ನು ಅಡ್ಡಹಾಯಬೇಕು. ಚರಂಡಿ ಮೋರಿಗಳಲ್ಲಿ ಅದಕ್ಕೆ ಎಡೆಗೊಡದಿದ್ದರೆ ರಸ್ತೆಯನ್ನೇ ಹೊತ್ತುಕೊಂಡು ಹೋಗುತ್ತದೆ. ಘಟ್ಟದ ರಸ್ತೆಯ ಆಯುಸ್ಸು ಅದರ ಕಲ್ಲಿನಲ್ಲಿಲ್ಲ, ಮೇಲಿನ ಇಳಿಜಾರಿನ ಹುಲ್ಲಿನಲ್ಲಿಯೂ ಬೇರಿನಲ್ಲಿಯೂ ಇದೆ. 2009ರ ನವೆಂಬರಿನ ಜಡಿಮಳೆಗೆ ನೀಲಗಿರಿಯ ಇಳಿಜಾರುಗಳು ಕುಸಿದು ನಲವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡಾಗ, ಎಲ್ಲೆಲ್ಲಿ ಬೇರು ಕಿತ್ತು ನೆಲವನ್ನು ಕಡಿದಿದ್ದರೋ ಅಲ್ಲೆಲ್ಲ ಮಣ್ಣು ನಿಲ್ಲದೆಂಬ ಪಾಠ ಮತ್ತೊಮ್ಮೆ ಕಣ್ಣಮುಂದೆ ಬಂದಿತು.

ರಸ್ತೆ ಏನನ್ನು ತಂದಿತು? ಒಳ್ಳೆಯದನ್ನು ಮೊದಲು ಹೇಳೋಣ. ಬೆಟ್ಟದ ಬುಡದ ಸೀಗೂರು, ವೈನಾಡುಗಳ ಕಾಡುಗಳು ಚಳಿಜ್ವರಕ್ಕೆ ಹೆಸರಾಗಿದ್ದುವು. ಪ್ರಯಾಣಿಕರು ಅಲ್ಲಿ ರಾತ್ರಿ ತಂಗಲು ಅಂಜುತ್ತಿದ್ದರು. ಆ ಜ್ವರಕ್ಕೆ ಮದ್ದಾದ ಸಿಂಕೋನ ಗಿಡ 1860ರ ಸುಮಾರಿನಲ್ಲಿ ದಕ್ಷಿಣ ಅಮೆರಿಕದಿಂದ ಬಂದು ದೊಡ್ಡಬೆಟ್ಟದಲ್ಲಿಯೂ, ಗೂಡಲೂರು ಘಟ್ಟದ ತಲೆಯಲ್ಲಿರುವ ನಡುವಟ್ಟಂನಲ್ಲಿಯೂ ಬೇರೂರಿತು. ಸಸ್ಯೋದ್ಯಾನವನ್ನು ರೂಪಿಸಿದ ಮೆಕೈವರನೇ ಇದರ ಬೇಸಾಯವನ್ನೂ ನೋಡಿಕೊಂಡನು. ಚೀನದ ಕೈದಿಗಳು ಆ ತೋಟಗಳಲ್ಲಿ ದುಡಿದರು. ಅಲ್ಲಿಯ ತೊಗಟೆಯಿಂದ ತೆಗೆದ ಕ್ವಿನೀನು ಎಷ್ಟೋ ಊರುಗಳ ಬಡಜನರ ಜೀವ ಉಳಿಸಿತು. ಆಲೂಗಡ್ಡೆ, ಕೋಸು, ಚಹಾಗಳಿಂದ ಬಡಗರಲ್ಲಿ ಅನೇಕರು ಸ್ಥಿತಿವಂತರಾದರು, ವಿದ್ಯಾವಂತರಾದರು. ಇದನ್ನು ಅಲ್ಲಗಳೆಯುವುದು ಕೃತಘ್ನತೆ.

ಹೋದುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಲಿವನ್ ತೋಡರ ನೆಲದ ಹಕ್ಕನ್ನು ಸರ್ಕಾರದ ಮುಂದೆ ಎತ್ತಿಹಿಡಿದು ವಾದಿಸಿದ ಸಜ್ಜನನೆಂಬುದು ನಿಜ. ಅದೇ ಸಲಿವನ್ ಎಕರೆಗೆ ಒಂದು ರೂಪಾಯಿಯಂತೆ ಅವರಿಂದ ನೆಲವನ್ನು ಕೊಂಡವನೆಂಬುದೂ ನಿಜ. ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲುಗಳು ಬಂಗಲೆಗಳಾದುವು, ತೋಟಗಳಾದುವು. ಸೌದೆಗೆಂದೂ ತೊಗಟೆಗೆಂದೂ ಆಸ್ಟ್ರೇಲಿಯದಿಂದ ತಂದ ಮರಗಳು ಉಳಿದ ಹುಲ್ಲನ್ನು ಮುಚ್ಚಿದುವು. ಕನ್ನಡದಲ್ಲಿ ನೀಲಗಿರಿ ಎಂದೊಡನೆ ಇಂದು ಅನೇಕರ ಮನಸ್ಸಿಗೆ ಬರುವುದು ಬೆಟ್ಟವಲ್ಲ, 1843ರಲ್ಲಿ ಅಲ್ಲಿಗೆ ಬಂದ ಆ ಪರದೇಶದ ಮರ ಮತ್ತು ಅದರ ಎಣ್ಣೆ. ಹನ್ನೆರಡು ವರ್ಷಗಳಿಗೊಮ್ಮೆ ಹೂಬಿಟ್ಟು ಇಳಿಜಾರನ್ನು ನೀಲಿಯಾಗಿಸುವ ಕುರಿಂಜಿಯ ನೆಲವನ್ನು ಹೊರಗಿನ ಮರ ಆಕ್ರಮಿಸಿತು. ಬೆಟ್ಟದ ಹೆಸರನ್ನೂ ಅದೇ ಇಟ್ಟುಕೊಂಡಿತು. ಪೇಟೆಯ ಕಬ್ಬಿಣ, ಪೇಟೆಯ ಮಡಕೆ ಗಾಡಿಯ ಮೇಲೆ ಬಂದಮೇಲೆ ಕೋತರ ಕುಲುಮೆಯ ಬೆಂಕಿ ಮಂದವಾಯಿತು. ಇಪ್ಪತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ವಿದ್ವಾಂಸನಾದ ಎಮೆನೋ ತೋಡ, ಕೋತ ಭಾಷೆಗಳನ್ನು ಬರೆದುಕೊಳ್ಳಲು ಬಂದಾಗ ಹಳೆಯ ವಿನಿಮಯದ ಕಟ್ಟು ಸಡಿಲಿಹೋಗಿತ್ತು.

ರಸ್ತೆ ಬಂದಮೇಲೂ ಕಾಲ್ದಾರಿಯನ್ನು ಬಿಡದವರಲ್ಲಿ ಬಾಸೆಲ್ ಮಿಷನ್ನಿನ ಮೆಟ್ಸ್ ಎಂಬ ಪಾದ್ರಿಯನ್ನು ಕನ್ನಡಿಗರು ನೆನೆಯಬೇಕು. ಅವನ ಧರ್ಮಪ್ರಚಾರ ಎಷ್ಟು ಫಲಿಸಿತೆಂಬ ವಿಚಾರ ನಮಗಿಲ್ಲಿ ಬೇಡ. ಕೇತಿಯಲ್ಲಿ 1846ರಲ್ಲಿ ಮಿಷನ್ನಿನ ನೆಲೆಯಾದ ಅನಂತರ ಅವನು ದೀರ್ಘಕಾಲ ಹಟ್ಟಿಯಿಂದ ಹಟ್ಟಿಗೆ ಕಾಲ್ನಡೆಯಲ್ಲಿ ಸುತ್ತಿದನು. ಬಡಗರ ಬಾಯಿಹಾಡುಗಳನ್ನು ಕೇಳಿ ಬರೆದುಕೊಂಡನು. ಬೆಟ್ಟದ ಜನಾಂಗಗಳನ್ನು ಕುರಿತು ಪುಸ್ತಕ ರಚಿಸಿದನು. ಆ ಮಿಷನ್ನಿಗೆ ನೆರವಾದ ಕಾಸಮೇಜರ್ ಎಂಬ ನಿವೃತ್ತ ಅಧಿಕಾರಿ ಬಡಗರಿಗಾಗಿಯೇ ಕನ್ನಡ ಕಲಿತನು. 1852ರಲ್ಲಿ ಲ್ಯೂಕನ ಸುವಾರ್ತೆ ಬಡಗ ಭಾಷೆಯಲ್ಲಿ ಅಚ್ಚಾದಾಗ ಅದರ ಅಕ್ಷರಗಳು ಕನ್ನಡದವು. ಕುದುರೆಯ ಮೇಲೆ ಬಂದವರು ಬೆಟ್ಟದ ನೋಟವನ್ನು ಬರೆದರು. ನಡೆದು ಬಂದವನು ಬೆಟ್ಟದ ಮಾತನ್ನು ಬರೆದನು.

ಆಮೇಲಿನ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. ಮೇಟ್ಟುಪಾಳಯದಿಂದ ಹಲ್ಲುಕಂಬಿಯ ರೈಲು 1899ರಲ್ಲಿ ಕೂನೂರಿಗೂ 1908ರಲ್ಲಿ ಉದಕಮಂಡಲಕ್ಕೂ ಬಂದಿತು. 2005ರಲ್ಲಿ ಅದು ವಿಶ್ವದ ಪರಂಪರೆಯ ಪಟ್ಟಿಗೆ ಸೇರಿತು. ಮೈಸೂರಿನ ಅರಸರು ಉದಕಮಂಡಲದ ಫರ್ನ್‌ಹಿಲ್ ಅರಮನೆಯನ್ನು ತಮ್ಮ ಬೇಸಗೆಯ ಬೀಡಾಗಿ ಮಾಡಿಕೊಂಡಿದ್ದರಾಗಿ, ಬಂಡೀಪುರದ ದಾರಿ ಸಂಸ್ಥಾನದ ರಾಜಮಾರ್ಗಗಳಲ್ಲೊಂದಾಯಿತು. ಮೋಟಾರು ಬಂದಿತು; ಪಲ್ಲಕ್ಕಿಗೆ ದಿನಗಳು ಹಿಡಿಯುತ್ತಿದ್ದ ಹಾದಿ ಕೆಲವು ಗಂಟೆಗಳದ್ದಾಯಿತು.

ಆಗ ಇನ್ನೊಂದು ಬಗೆಯ ಕಾಲ್ದಾರಿಯ ವಿಚಾರ ಮುಂದೆ ಬಂದಿತು. ಮನುಷ್ಯರಿಗಿಂತ ಮೊದಲೇ ಈ ಕಾಡಿನಲ್ಲಿ ದಾರಿ ಮಾಡಿಕೊಂಡಿದ್ದವು ಆನೆಗಳು. ಬೇಸಗೆಯಲ್ಲಿ ನೀರಿನ ಕಡೆಗೆ, ಮಳೆ ಬಿದ್ದ ಮೇಲೆ ಹೊಸ ಹುಲ್ಲಿನ ಕಡೆಗೆ ಅವು ಸೀಗೂರು, ಮುದುಮಲೆ, ಬಂಡೀಪುರಗಳ ನಡುವೆ ಹೋಗಿಬರುವ ಜಾಡುಗಳಿಗೆ ಸಂಸ್ಥಾನದ ಗಡಿಯೂ ಇಲ್ಲ, ರಾಜ್ಯದ ಗಡಿಯೂ ಇಲ್ಲ. ಮೈಸೂರು ಸರ್ಕಾರ 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಗೊತ್ತುಮಾಡಿದ ಕಾಡು 1973ರ ಹುಲಿ ಯೋಜನೆಯಲ್ಲಿ ಸೇರಿತು. 1986ರಲ್ಲಿ ನೀಲಗಿರಿ ಜೀವಗೋಳವೆಂಬ ವಿಶಾಲವಾದ ರಕ್ಷಿತ ಪ್ರದೇಶ ರೂಪುಗೊಂಡಿತು. ರಾತ್ರಿಯ ವಾಹನಗಳಿಗೆ ಮೃಗಗಳು ಸಿಕ್ಕಿ ಸಾಯುವುದು ಹೆಚ್ಚಿದಾಗ, 2009ರಲ್ಲಿ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರವನ್ನು ತಡೆಯುವ ಆಜ್ಞೆ ಹೊರಟಿತು. ಮರುವರ್ಷ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸೀಗೂರಿನ ಆನೆಗಳ ಹಾದಿಯನ್ನು ಕಾಯ್ದಿರಿಸಿದ ತಮಿಳುನಾಡು ಸರ್ಕಾರದ ಕ್ರಮವನ್ನು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಮಾನ್ಯಮಾಡಿ, ಅಡ್ಡವಾಗಿ ಎದ್ದಿದ್ದ ವಸತಿಗೃಹಗಳನ್ನು ತೆರವುಮಾಡಲು ಹೇಳಿತು. 2024ರ ಮೇ ತಿಂಗಳಿಂದ ಮದ್ರಾಸಿನ ಉಚ್ಚ ನ್ಯಾಯಾಲಯದ ಆಜ್ಞೆಯಂತೆ ಹೊರಗಿನ ವಾಹನಗಳು ಅನುಮತಿ ಪಡೆದೇ ಬೆಟ್ಟವನ್ನೇರಬೇಕೆಂಬ ನಿಯಮ ಬಂದಿತು. ಇವುಗಳಿಂದ ವ್ಯಾಪಾರಕ್ಕೂ ರೋಗಿಗಳಿಗೂ ಆಗುವ ತೊಂದರೆಯನ್ನು ಹೇಳುವವರ ಮಾತಿನಲ್ಲಿ ಸತ್ಯವಿಲ್ಲವೆನ್ನಲಾಗದು. ಆದರೆ ಒಂದು ರಸ್ತೆ ಎಷ್ಟು ಹೊತ್ತು ಮನುಷ್ಯರದು, ಎಷ್ಟು ಹೊತ್ತು ಕಾಡಿನದು ಎಂದು ನ್ಯಾಯಾಸನದ ಮುಂದೆ ಲೆಕ್ಕ ಹಾಕಿದುದು ನಮ್ಮ ನಾಡಿನ ದಾರಿಗಳ ಚರಿತ್ರೆಯಲ್ಲಿ ಹೊಸ ಅಧ್ಯಾಯವೆಂಬುದನ್ನು ಯಾರೂ ಒಪ್ಪಬೇಕು.

ಇನ್ನು ಇಂದಿನ ಕಾಲ್ದಾರಿಗಳ ಮಾತು. ಬೆಟ್ಟವನ್ನು ನಡೆದು ನೋಡಬೇಕೆಂಬ ಹಂಬಲ ಈಚೆಗೆ ಯುವಜನರಲ್ಲಿ ಬೆಳೆಯುತ್ತಿರುವುದು ಸಂತೋಷದ ವಿಷಯ. 2018ರ ಮಾರ್ಚಿಯಲ್ಲಿ ತೇನಿ ಜಿಲ್ಲೆಯ ಕುರಂಗಣಿಯ ಕಾಡ್ಗಿಚ್ಚಿಗೆ ಸಿಕ್ಕಿ ಚಾರಣಿಗರು ಮಡಿದ ಬಳಿಕ, ಅನುಮತಿಯಿಲ್ಲದೆ ಕಾಡು ಹೊಗುವುದಕ್ಕೆ ತಮಿಳುನಾಡಿನಲ್ಲಿ ಕಟ್ಟುನಿಟ್ಟುಗಳಾದುವು. 2024ರಲ್ಲಿ ಅಲ್ಲಿಯ ಅರಣ್ಯ ಇಲಾಖೆ ರಾಜ್ಯದಲ್ಲಿ ನಲವತ್ತು ಹಾದಿಗಳನ್ನು ಗೊತ್ತುಮಾಡಿ, ಸ್ಥಳದವರನ್ನೇ ಮಾರ್ಗದರ್ಶಕರನ್ನಾಗಿ ತರಬೇತುಗೊಳಿಸಿ, ಅವರೊಡನೆ ನಡೆಯುವ ಏರ್ಪಾಡನ್ನು ಆರಂಭಿಸಿತು. ನೀಲಗಿರಿಯಲ್ಲಿ ಕೋತಗಿರಿಯ ಲಾಂಗ್‌ವುಡ್ ಶೋಲೆ, ಉದಕಮಂಡಲದ ಬಳಿಯ ಕೇರ್ನ್ ಹಿಲ್, ಅವಲಾಂಚೆಯ ಕಡೆಯ ಕೋಲಾರಿಬೆಟ್ಟ ಮೊದಲಾದುವು ಆ ಪಟ್ಟಿಯಲ್ಲಿ ಸೇರಿದುವು. ಈ ಬೆಟ್ಟಗಳ ಮೇಲಿನ ಪ್ರಾಚೀನರ ಕಲ್ಗುಪ್ಪೆಗಳನ್ನು ನೀಲಗಿರಿಯ ಮೊದಲ ಕಮಿಷನರಾಗಿದ್ದ ಬ್ರೀಕ್ಸ್ ಅಗೆದು ಪರೀಕ್ಷಿಸಿ, 1873ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಪಶ್ಚಿಮದ ಅಂಚಿನ ಮುಕುರ್ತಿ ಶಿಖರ ಇನ್ನೂ ಗಂಭೀರವಾದುದು. ಸತ್ತವರ ಜೀವ ಪರಲೋಕಕ್ಕೆ ಸಾಗುವ ಹಾದಿ ಆ ಶಿಖರದ ಮೇಲಿದೆಯೆಂದು ತೋಡರ ನಂಬಿಕೆ. ನೋಟಕ್ಕೆಂದು ಹೋಗುವವರು ತಾವು ಮತ್ತೊಬ್ಬರ ಅಂತಿಮಯಾತ್ರೆಯ ದಾರಿಯ ಬಳಿ ನಿಂತಿದ್ದೇವೆಂಬುದನ್ನು ಮರೆಯಬಾರದು.

ನಡೆಯುವವರಿಗೆ ನಮ್ಮ ವಿಜ್ಞಾಪನೆ ಹೆಚ್ಚಿನದೇನೂ ಇಲ್ಲ. ಗೊತ್ತುಮಾಡಿದ ಹಾದಿಯನ್ನು ಬಿಡಬೇಡಿರಿ. ಹುಲ್ಲಿನ ಮೇಲೆ ಹೊಸ ಜಾಡು ಬಿದ್ದರೆ ಮರುಮಳೆಗೆ ಅದೇ ಕೊರಕಲಾಗುತ್ತದೆ. ಬೆಂಕಿ ಹೊತ್ತಿಸಬೇಡಿರಿ. ಹೊತ್ತು ತಂದುದನ್ನು ಹೊತ್ತುಕೊಂಡೇ ಹಿಂದಿರುಗಿರಿ. ಮುಖ್ಯವಾಗಿ, ಮುಂದೆ ನಡೆಯುವವನ ಹೆಸರನ್ನು ಕೇಳಿರಿ; ಆ ಹಳ್ಳಕ್ಕೆ, ಆ ಗುಡ್ಡಕ್ಕೆ ಅವನ ಮಾತಿನಲ್ಲಿ ಏನೆನ್ನುವರೆಂದು ವಿಚಾರಿಸಿರಿ. ಅವನು ಬಡಗನಾಗಿದ್ದರೆ ಅವನ ಉತ್ತರ ಅರ್ಧಕ್ಕಿಂತ ಹೆಚ್ಚಾಗಿ ನಿಮಗೆ ತಾನಾಗಿಯೇ ತಿಳಿಯುವುದು.

1812ರಲ್ಲಿಯೂ 1819ರಲ್ಲಿಯೂ ದಾರಿ ತೋರಿದವರ ಹೆಸರುಗಳು ಕಡತಕ್ಕೆ ಬರಲಿಲ್ಲ. ಆ ನಷ್ಟವನ್ನು ಈಗ ತುಂಬಲಾಗುವುದಿಲ್ಲ. ಆದರೆ ಅವರ ನಾಡಿನ ಮಕ್ಕಳೇ ಇಂದು ಅದೇ ಇಳಿಜಾರುಗಳಲ್ಲಿ ಮಾರ್ಗದರ್ಶಕರಾಗಿ, ಸಂಬಳ ಪಡೆದು, ಗೌರವದಿಂದ ಮುಂದೆ ನಡೆಯುವಂತಾಗಿದ್ದರೆ, ರಸ್ತೆ ಕಾಲ್ದಾರಿಯಿಂದ ಪಡೆದ ಸಾಲದಲ್ಲಿ ಒಂದು ಕಂತಾದರೂ ಸಂದಾಯವಾಯಿತೆನ್ನಬೇಕು. ಉಳಿದ ಕಂತುಗಳನ್ನು ತೀರಿಸುವುದು, ಮೂವತ್ತಾರು ತಿರುವುಗಳನ್ನು ಹತ್ತಿ ತಂಪುಗಾಳಿಗೆ ಮುಖವೊಡ್ಡುವ ನಮ್ಮೆಲ್ಲರ ಹೊಣೆ.